ಮನೆ ಹಂಚು

ನಿಲ್ಲಿ ವಕೀಲರೇ, ನೀವು ಓದಿದ್ದು ಸರಿ.
ಅಕ್ಷರ ನನ್ನದೇ.
ಹೊಯಿಗೆ ಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಹಾಜರಿ ಬರೆದ ಕೈ ಇದು, ದೂಮಪ್ಪನದು.
ಸೆರಾಫಿನ್ ಬಾಯಿಯ ಉಯಿಲನ್ನೂ ಹಾಜರಿಯ ಹಾಗೆಯೇ ಬರೆದೆ,
ಉಸಿರು ಬಿಡದೆ, ಒಂದೇ ಗೆರೆಯಲ್ಲಿ:
‘ಬಜಾಲಿನ ಹತ್ತೊಂಬತ್ತು ಸೆಂಟ್ಸ್ ಇನಾಸನಿಗೆ
ಮನೆ ಹಂಚು ಮೂವರಿಗೂ.’

ಅಲ್ಪವಿರಾಮ ಎಲ್ಲಿ ಎನ್ನುತ್ತೀರಿ.
ಸ್ವಾಮಿ, ಸಂಬಳದ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ಇನಾಸನ ವಕೀಲರಿಗೆ ಹಂಚು ನಾಮಪದ:
ನೆಲ ಅವನದು, ಗೋಡೆ ಅವನದು,
ತಮ್ಮ ತಂಗಿ ಬೇಕಾದರೆ ಏಣಿ ತಂದು
ತಮ್ಮ ಲೆಕ್ಕದ ಹಂಚು ಇಳಿಸಿಕೊಂಡು ಹೋಗಲಿ.
ಅಪೊಲಿನಳ ವಕೀಲರಿಗೆ ಅದೇ ಕ್ರಿಯಾಪದ:
ಅಮ್ಮನ ಅಪ್ಪಣೆ ಅದು, ಮನೆಯನ್ನು ಹಂಚು.
ಗಿರ್ಗೊಲ್ ಮಾತಾಡುವುದಿಲ್ಲ.
ಪ್ರತಿ ವಾಯಿದೆಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ,
ಹೆಲ್ಮೆಟ್ಟು ತೊಡೆಯ ಮೇಲೆ.
ಹನ್ನೊಂದು ವರ್ಷ. ವ್ಯಾಕರಣ ಹೇಳಿಕೊಟ್ಟು ಇಷ್ಟು ಫೀಸು
ಯಾವ ಮೇಷ್ಟ್ರಿಗೂ ಸಿಕ್ಕಿರಲಿಕ್ಕಿಲ್ಲ.

ಅವಳು ಹೇಳಿದ್ದು ಕನ್ನಡದಲ್ಲಲ್ಲ.
ಮಕ್ಕಳೊಡನೆ ಕೊಂಕಣಿ, ನನ್ನೊಡನೆ ತುಳು.
ತುಳುವಿನಲ್ಲಿ ಮಾಡಿನ ಮೇಲಿನದು ಓಡು;
ಇದ್ದದ್ದನ್ನು ಎಲ್ಲರಿಗೂ ಕೊಡು ಎನ್ನಲು ಪಟ್ಟ್.
ಎರಡಕ್ಕೂ ದೂರದ ಸಂಬಂಧವೂ ಇಲ್ಲ.
ಒಂದನ್ನೇ ಹೇಳಿರಬೇಕು ಅವಳು.
ಕನ್ನಡಕ್ಕೆ ತಂದವನು ನಾನು.
ಎರಡನ್ನೂ ಒಂದೇ ಗೋಣಿಗೆ ತುಂಬಿದವನು ನಾನು.

ಯಾವುದು ಎಂದು ನಿನ್ನೆಯವರೆಗೆ ಯಾರೂ ಕೇಳಲಿಲ್ಲ.
ಕೇಳಿದ್ದು, ಸಾಕ್ಷಿಗಳು ಎಷ್ಟು ದೂರ ಕೂತಿದ್ದರು,
ಆಗ ಅವಳಿಗೆ ಕನ್ನಡಕ ಬಂದಿತ್ತೆ,
ತೆಂಗಿನಕಾಯಿ ಮಾರಿದ್ದಕ್ಕೆ ರಶೀದಿ ಉಂಟೆ.
ಉಂಟು. ನಾನು ಕುಡಿದ ಒಂದು ಸೀಯಾಳಕ್ಕೂ ಉಂಟು.

ರಾತ್ರಿ ಕೂತು ನೆನಪು ಮಾಡಿಕೊಳ್ಳುತ್ತೇನೆ.
ಊಟದ ಬಿಡುವು. ಭಟ್ಟಿಯ ಗೋಡೆಗೆ ಒರಗಿದ್ದಾಳೆ.
ಇಪ್ಪತ್ತೇಳು ವರ್ಷ ಹಂಚು ಹೊತ್ತು
ನೆತ್ತಿಯಲ್ಲಿ ಕೂದಲು ಸವೆದ ಜಾಗ,
ಹಳೆಯ ಒಂದು ರೂಪಾಯಿಯಷ್ಟು.
ತುಟಿ ಆಡುತ್ತದೆ. ಕೈ ಮೇಲಕ್ಕೆ ಹೋಗುತ್ತದೆ,
ಮಾಡನ್ನು ತೋರಿಸಿದಳೋ
ಬೆವರು ಒರೆಸಿಕೊಂಡಳೋ,
ಅಷ್ಟರಲ್ಲಿ ಸೈರನ್ನು.
ಪ್ರತಿ ರಾತ್ರಿಯೂ ಅಲ್ಲಿಗೇ ಸೈರನ್ನು.

ಎಕ್ಸಿಕ್ಯೂಟರನ ಅಧಿಕಾರ ಕಾಯಿದೆಯಲ್ಲಿ ಬರೆದಿದೆಯಂತೆ:
ಸತ್ತವರ ಸಾಲ ತೀರಿಸಬಹುದು, ಬಾಕಿ ವಸೂಲು ಮಾಡಬಹುದು,
ಒಡೆದದ್ದನ್ನು ರಿಪೇರಿ ಮಾಡಿಸಬಹುದು.
ಬರೆಯದ ಅಧಿಕಾರವೊಂದು ನನ್ನ ನಾಲಿಗೆಯ ಮೇಲೆ ಕೂತಿದೆ.
ಪಟ್ಟ್ ಎಂದರೆ ಸಾಕು, ಅಪೊಲಿನಳಿಗೆ ಒಂದು ಕೋಣೆ.
ಓಡು ಎಂದರೆ ಸಾಕು, ಇನಾಸ ನಾಳೆಯೇ ಬಿಲ್ಡರನ ಜೊತೆ ಬರುತ್ತಾನೆ.
ಅವಳಂತೂ ತಿದ್ದಲಿಕ್ಕೆ ಎದ್ದು ಬರುವುದಿಲ್ಲ.
ಎಂಬತ್ತೊಂದು ದಾಟಿದವನ ಮಾತು, ಎಲ್ಲರೂ ನಂಬುತ್ತಾರೆ.
ಅದೇ ಹೆದರಿಕೆ ಮಾರಾಯರೇ.

ಪತ್ತನಾಜೆ ಕಳೆದ ಮರುದಿನ
ಹುಡುಗನೊಬ್ಬನನ್ನು ಮಾಡಿಗೆ ಹತ್ತಿಸಿ ಎಣಿಸಲು ಹೇಳಿದೆ.
ಎರಡು ಸಾವಿರದ ನೂರ ನಲವತ್ತು.
ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ.
‘ಅಜ್ಜಾ, ಒಂದು ಗಾಜಿನದು!’ ಎಂದ ಮೇಲಿನಿಂದ.
ಒಲೆಯ ನೇರಕ್ಕೆ. ಪಾಚಿ ಕಟ್ಟಿತ್ತು.
ಒರೆಸು ಎಂದೆ.
ಕೆಳಗೆ, ಹನ್ನೊಂದು ವರ್ಷ ಬೆಂಕಿ ಕಾಣದ ಒಲೆಯ ಮೇಲೆ
ಅಂಗೈಯಗಲದ ಬಿಸಿಲು ಬಿತ್ತು.
ಆಸ್ತಿಪಟ್ಟಿಯಲ್ಲಿ ಅದನ್ನು ಸೇರಿಸಿಲ್ಲ.
ಸೇರಿಸಬೇಕಿತ್ತೆ?

ಆಯಿತು, ಆಯಿತು. ನೀರು ಕುಡಿದಾಯಿತು.
ಅವಳ ಬಾಯಿಂದ ಬಂದದ್ದು ಯಾವ ಮಾತು,
ಇವತ್ತು ನೀವು ಕೇಳಿಯೇಬಿಟ್ಟಿರಲ್ಲ.
ಮೂವರೂ ಇದ್ದಾರೆ. ಗಿರ್ಗೊಲ್ ಕೂಡ ಎದ್ದು ನಿಂತಿದ್ದಾನೆ.
ಬರೆದುಕೊಳ್ಳಿ:
ಸಾಕ್ಷಿಗೆ ನೆನಪಿಲ್ಲ.